ಸೊಳ್ಳೆಯೇ ಕಾರಣವೇ? ಹಳದಿ ಜ್ವರದ ಶೋಧ ಮತ್ತು ವೈದ್ಯರು ಬರೆದುಕೊಂಡ ಪತ್ರಗಳು

1900ರ ಸೆಪ್ಟೆಂಬರ್ 7ರಂದು ವಾಷಿಂಗ್ಟನ್ನಿನಲ್ಲಿದ್ದ ಸೇನಾ ವೈದ್ಯ ವಾಲ್ಟರ್ ರೀಡ್ ಅವರು ಕ್ಯೂಬಾದಲ್ಲಿದ್ದ ಸಹೋದ್ಯೋಗಿ ಜೇಮ್ಸ್ ಕ್ಯಾರಲ್ ಅವರಿಗೆ ಒಂದು ಪತ್ರ ಬರೆದರು. ಹಳದಿ ಜ್ವರ ತಗಲಿ ಸಾವಿನ ದವಡೆಗೆ ಸಿಕ್ಕಿದ್ದ ಕ್ಯಾರಲ್ ಚೇತರಿಸಿಕೊಳ್ಳುತ್ತಿದ್ದಾರೆ ಎಂಬ ಸುದ್ದಿ ಅಂದು ತಲುಪಿತ್ತು. ಪತ್ರದ ತುಂಬ ಹಿಗ್ಗು ಇದೆ, ದೇವರಿಗೆ ಸಲ್ಲಿಸಿದ ಕೃತಜ್ಞತೆ ಇದೆ. ಅದೇ ಪತ್ರದ ಹಿಂಬದಿಯಲ್ಲಿ ರೀಡ್ ಒಂದು ಪ್ರಶ್ನೆಯನ್ನು ಗೀಚಿದ್ದಾರೆ: ಇದನ್ನು ಮಾಡಿದ್ದು ಸೊಳ್ಳೆಯೇ?

ಈ ಸಾಲು ಯಾವ ವೈದ್ಯಕೀಯ ಪತ್ರಿಕೆಯಲ್ಲೂ ಅಚ್ಚಾಗಲಿಲ್ಲ. ಅಚ್ಚಾದದ್ದು ಏಳು ವಾರಗಳ ನಂತರ, ಅಕ್ಟೋಬರ್ 27ರ ‘ಫಿಲಡೆಲ್ಫಿಯ ಮೆಡಿಕಲ್ ಜರ್ನಲ್’ನಲ್ಲಿ ಬಂದ ಪ್ರಾಥಮಿಕ ವರದಿ, ಅಷ್ಟು ಹೊತ್ತಿಗೆ ಪ್ರಶ್ನೆ ಹೋಗಿ ತೀರ್ಮಾನ ಬಂದಿತ್ತು. ವರದಿಯೊಂದೇ ನಮಗೆ ಉಳಿದಿದ್ದರೆ, ಹಳದಿ ಜ್ವರದ ಕಾರಣ ಹುಡುಕಲು ಅಮೆರಿಕ ಸೇನೆ ಕ್ಯೂಬಾದಲ್ಲಿ ನೇಮಿಸಿದ್ದ ನಾಲ್ವರು ವೈದ್ಯರ ಆಯೋಗವು ಒಮ್ಮತದಿಂದ, ಒಂದೊಂದೇ ಮೆಟ್ಟಿಲು ಹತ್ತಿ ಉತ್ತರವನ್ನು ಮುಟ್ಟಿತು ಎಂದು ನಂಬಿಕೊಂಡಿರುತ್ತಿದ್ದೆವು. ಆಯೋಗದ ಮುಖ್ಯಸ್ಥ ರೀಡ್ ಆ ದಿನಗಳಲ್ಲಿ ಸ್ಥಳದಲ್ಲೇ ಇರಲಿಲ್ಲ ಎಂಬುದು, ಸಾವಿರಕ್ಕೂ ಹೆಚ್ಚು ಮೈಲಿ ದೂರದಲ್ಲಿ ಕುಳಿತು ಗೆಳೆಯನ ಜೀವಕ್ಕಾಗಿ ಹೆದರುತ್ತಲೇ ಆ ಗೆಳೆಯನ ಜ್ವರದಲ್ಲಿ ಪುರಾವೆಯನ್ನೂ ಹುಡುಕುತ್ತಿದ್ದ ಎಂಬುದು ನಮಗೆ ತಿಳಿದಿರುವುದು ಯಾರೋ ಆ ಹಾಳೆಯನ್ನು ಎಸೆಯದೆ ಉಳಿಸಿದ್ದರಿಂದ. ವೈದ್ಯರ ಪತ್ರವ್ಯವಹಾರವನ್ನು ವಿಜ್ಞಾನದ ಅಂಚಿನಲ್ಲಿರುವ ಕುತೂಹಲದ ವಸ್ತುವೆಂದು ಬದಿಗಿಡುವುದು ವಾಡಿಕೆ. ಹಳದಿ ಜ್ವರದ ಇತಿಹಾಸವನ್ನು ಓದಿದರೆ ಆ ವಾಡಿಕೆ ತಪ್ಪೆಂದು ಮನವರಿಕೆಯಾಗುತ್ತದೆ. ಯಾವುದು ಹೇಗೆ ಗೊತ್ತಾಯಿತು, ಯಾರ ಮೈಮೇಲೆ ಗೊತ್ತಾಯಿತು, ಗೊತ್ತಾದದ್ದನ್ನು ಯಾರು ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬ ಮೂರು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಸಿಗುವುದು ಹೆಚ್ಚಾಗಿ ಪತ್ರಗಳಲ್ಲಿ ಮತ್ತು ದಿನಚರಿಗಳಲ್ಲಿ.

ಈ ಜ್ವರ ಹಳೆಯ ಪುಸ್ತಕಗಳಿಗೆ ಸೀಮಿತವಾದದ್ದೂ ಅಲ್ಲ. 2015ರ ಕೊನೆಯಲ್ಲಿ ಅಂಗೋಲಾದಲ್ಲಿ ಎದ್ದ ಸಾಂಕ್ರಾಮಿಕ 2016ರಲ್ಲಿ ಕಾಂಗೋಗೆ ಹರಡಿತು. ಅಂಗೋಲಾದಲ್ಲಿ ದುಡಿಯುತ್ತಿದ್ದ ಚೀನೀ ಕಾರ್ಮಿಕರ ಮೂಲಕ 11 ಪ್ರಕರಣಗಳು ಚೀನಾಕ್ಕೂ ತಲುಪಿದವು. ಲಸಿಕೆಯ ದಾಸ್ತಾನು ಸಾಲದೆ ಕಿನ್ಶಾಸಾ ನಗರದಲ್ಲಿ 70 ಲಕ್ಷಕ್ಕೂ ಹೆಚ್ಚು ಜನರಿಗೆ ಪೂರ್ಣ ಪ್ರಮಾಣದ ಐದನೇ ಒಂದು ಭಾಗವನ್ನಷ್ಟೇ ಚುಚ್ಚಲಾಯಿತು. 2016ರ ಕೊನೆಯಿಂದ 2018ರವರೆಗೆ ಬ್ರೆಜಿಲ್‌ನಲ್ಲಿ 2,000ಕ್ಕೂ ಹೆಚ್ಚು ಪ್ರಕರಣಗಳು, 700ಕ್ಕೂ ಹೆಚ್ಚು ಸಾವುಗಳು ಸಂಭವಿಸಿದವು. 2025ರಲ್ಲಿ ಕೊಲಂಬಿಯಾ ಇದೇ ಜ್ವರಕ್ಕಾಗಿ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು. ಭಾರತಕ್ಕೆ ಹಳದಿ ಜ್ವರ ಇದುವರೆಗೆ ಕಾಲಿಟ್ಟಿಲ್ಲ. ಆದರೆ ಅದನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ನಮ್ಮ ಊರುಗಳ ಸಿಮೆಂಟ್ ತೊಟ್ಟಿ, ಡ್ರಮ್ಮು, ಹೂಕುಂಡದ ತಟ್ಟೆಗಳಲ್ಲಿ ಹುಟ್ಟಿ ಡೆಂಗಿಯನ್ನು ಹಂಚುತ್ತಲೇ ಇದೆ. ಆಫ್ರಿಕಾಕ್ಕೆ ಹೊರಟವರು ಲಸಿಕೆ ಹಾಕಿಸಿಕೊಂಡು ‘ಯೆಲ್ಲೋ ಕಾರ್ಡ್’ ಇಟ್ಟುಕೊಳ್ಳಬೇಕು, ಅದಿಲ್ಲದೆ ಅಲ್ಲಿಂದ ಮರಳಿದವರು ಆರು ದಿನದವರೆಗೆ ಪ್ರತ್ಯೇಕ ವಾಸದಲ್ಲಿರಬೇಕು ಎಂದು ನಮ್ಮ ಸರ್ಕಾರ ಇಷ್ಟು ಬಿಗಿಯಾಗಿರುವುದು ಇದಕ್ಕಾಗಿಯೇ. ಗಿಡಮೂಲಿಕೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗಿಬರುವ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರಿಗೆ ಈ ಕಾರ್ಡು ದಿನಬಳಕೆಯ ಕಾಗದದಷ್ಟೇ ಪರಿಚಿತ.

ಇನ್ನು ಶೋಧದ ಕಥೆಗೆ ಬರೋಣ. ಸೊಳ್ಳೆಯೇ ಕಾರಣವೆಂದು ಮೊದಲು ಹೇಳಿದವರು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ. 1881ರ ಆಗಸ್ಟ್ 14ರಂದು ಹವಾನಾದ ವಿಜ್ಞಾನ ಅಕಾಡೆಮಿಯಲ್ಲಿ ಅವರು ತಮ್ಮ ಪ್ರಬಂಧವನ್ನು ಓದಿ, ಇಂಥದೇ ಜಾತಿಯ ಸೊಳ್ಳೆ ಎಂದು ಬೊಟ್ಟುಮಾಡಿದರು. ಮುಂದಿನ ಎರಡು ದಶಕಗಳಲ್ಲಿ ನೂರಕ್ಕೂ ಹೆಚ್ಚು ಜನರಿಗೆ ಸೊಳ್ಳೆ ಕಚ್ಚಿಸಿ ಪರೀಕ್ಷಿಸಿದರು. ಆದರೂ ವೈದ್ಯಲೋಕ ನಂಬಲಿಲ್ಲ, ಏಕೆಂದರೆ ಆ ಪರೀಕ್ಷೆಗಳಿಂದ ಸಂಶಯಕ್ಕೆ ಎಡೆಯಿಲ್ಲದ ಜ್ವರ ಹುಟ್ಟಲಿಲ್ಲ. ತಪ್ಪು ಊಹೆಯದಲ್ಲ, ಕಾಲದ್ದು: ರೋಗಿಯ ರಕ್ತ ಹೀರಿದ ಸೊಳ್ಳೆಯನ್ನು ಫಿನ್ಲೆ ಕೆಲವೇ ದಿನಗಳಲ್ಲಿ ಇನ್ನೊಬ್ಬರ ಮೇಲೆ ಬಿಡುತ್ತಿದ್ದರು. ಸೋಂಕು ಸೊಳ್ಳೆಯ ಹೊಟ್ಟೆಯಿಂದ ಅದರ ಜೊಲ್ಲುಗ್ರಂಥಿಗೆ ಸೇರಲು ಹನ್ನೆರಡು ದಿನಗಳಷ್ಟು ಕಾಲ ಹಿಡಿಯುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಆ ಅಂತರವನ್ನು ಹೊರಗಿನಿಂದ, ಸೊಳ್ಳೆಯ ಮಾತೇ ಇಲ್ಲದೆ ಅಳೆದವರು ಅಮೆರಿಕದ ವೈದ್ಯ ಹೆನ್ರಿ ರೋಸ್ ಕಾರ್ಟರ್. 1898ರಲ್ಲಿ ಮಿಸಿಸಿಪ್ಪಿಯ ಓರ್‌ವುಡ್ ಮತ್ತು ಟೇಲರ್ ಎಂಬ ಎರಡು ಸಣ್ಣ ಊರುಗಳಲ್ಲಿ ಅವರು ಮನೆ ಮನೆಯ ಲೆಕ್ಕ ಬರೆದುಕೊಂಡರು: ಮನೆಯಲ್ಲಿ ಮೊದಲ ರೋಗಿ ಮಲಗಿದ್ದು ಯಾವ ದಿನ, ಬಂದುಹೋದ ನೆಂಟರಲ್ಲಿ ಯಾರಿಗೆ ಜ್ವರ ಬಂತು, ಯಾರಿಗೆ ಬರಲಿಲ್ಲ. ರೋಗಿಯನ್ನು ಮೊದಲ ವಾರದಲ್ಲೇ ನೋಡಿಹೋದವರು ಆರೋಗ್ಯವಾಗಿದ್ದರು. ಎರಡು ಮೂರು ವಾರಗಳ ನಂತರ, ಆ ರೋಗಿ ಸತ್ತೋ ಗುಣವಾಗಿಯೋ ಹೋದ ಮೇಲೂ, ಅದೇ ಮನೆಗೆ ಬಂದವರು ಹಾಸಿಗೆ ಹಿಡಿದರು. ರೋಗ ಮನುಷ್ಯನ ಹೊರಗೆ ಎಲ್ಲಿಯೋ ಬಲಿಯುತ್ತಿದೆ ಎಂಬುದು ಇದರ ಅರ್ಥ. ಕಾರ್ಟರ್ ಈ ಲೆಕ್ಕವನ್ನು 1900ರಲ್ಲಿ ಪ್ರಕಟಿಸಿದರು ಮತ್ತು ಕ್ಯೂಬಾಕ್ಕೆ ಬಂದ ಆಯೋಗದವರೊಂದಿಗೆ ಚರ್ಚಿಸಿದರು. ಸೋಂಕಿಗೆ ನಡುವೆ ಇನ್ನೊಂದು ಜೀವಿ ಆಶ್ರಯ ಕೊಡುತ್ತಿರಬೇಕು ಎಂಬ ನಂಬಿಕೆ ತನಗೆ ಬಲವಾಗಿ ಮೂಡಿದ್ದು ಮಿಸಿಸಿಪ್ಪಿಯ ಆ ಕೆಲಸದಿಂದಲೇ ಎಂದು ರೀಡ್ ಕಾರ್ಟರ್‌ಗೆ ಬರೆದ ಪತ್ರದಲ್ಲಿ ಮುಕ್ತವಾಗಿ ಒಪ್ಪಿಕೊಂಡಿದ್ದಾರೆ. ಫಿನ್ಲೆಯ ಊಹೆ, ಕಾರ್ಟರ್‌ನ ದಿನಗಣನೆ ಎರಡೂ ಸೇರಿದಾಗ ಮಾತ್ರ ಪ್ರಯೋಗ ಫಲಿಸಿತು ಎಂಬುದನ್ನು ಈ ಪತ್ರಗಳು ತೋರಿಸುವಷ್ಟು ಸ್ಪಷ್ಟವಾಗಿ ಪಠ್ಯಪುಸ್ತಕಗಳು ತೋರಿಸಿಲ್ಲ.

ಅಮೆರಿಕ ಸೇನೆಯ ಸರ್ಜನ್ ಜನರಲ್, ಅಂದರೆ ಸೇನಾ ವೈದ್ಯರ ಮುಖ್ಯಸ್ಥ, ಜಾರ್ಜ್ ಸ್ಟರ್ನ್‌ಬರ್ಗ್ 1900ರ ಮೇ ತಿಂಗಳಲ್ಲಿ ರೀಡ್, ಕ್ಯಾರಲ್, ಜೆಸ್ಸಿ ಲಜೀರ್ ಮತ್ತು ಅರಿಸ್ಟಿಡೀಸ್ ಅಗ್ರಮೊಂಟೆ ಅವರನ್ನೊಳಗೊಂಡ ಆಯೋಗವನ್ನು ನೇಮಿಸಿದರು. ಆಗಸ್ಟ್ ಆರಂಭದಲ್ಲಿ ರೀಡ್ ಟೈಫಾಯ್ಡ್ ಕುರಿತ ತಮ್ಮ ಹಳೆಯ ವರದಿಯನ್ನು ಮುಗಿಸಲು ವಾಷಿಂಗ್ಟನ್‌ಗೆ ಮರಳಿದರು. ಫಿನ್ಲೆ ಕೊಟ್ಟ ಮೊಟ್ಟೆಗಳಿಂದ ಸೊಳ್ಳೆ ಬೆಳೆಸಿ, ರೋಗಿಗಳ ಮೇಲೆ ಬಿಟ್ಟು, ಆಮೇಲೆ ಆರೋಗ್ಯವಂತರ ತೋಳಿನ ಮೇಲೆ ಕೂರಿಸುವ ಕೆಲಸ ಲಜೀರ್ ಅವರ ಪಾಲಿಗೆ ಬಂತು. ಮೊದಲ ಒಂಬತ್ತು ಮಂದಿಗೆ ಏನೂ ಆಗಲಿಲ್ಲ. ಆ ಒಂಬತ್ತು ಮಂದಿಯಲ್ಲಿ ಸ್ವತಃ ಲಜೀರ್ ಕೂಡ ಒಬ್ಬರು. ಆಗಸ್ಟ್ 27ರಂದು ಕ್ಯಾರಲ್ ಅವರ ತೋಳನ್ನು ಕಚ್ಚಿದ ಸೊಳ್ಳೆ ಹನ್ನೆರಡು ದಿನಗಳ ಹಿಂದೆ ಒಬ್ಬ ತೀವ್ರ ರೋಗಿಯ ರಕ್ತವನ್ನು, ಅವನ ಕಾಯಿಲೆಯ ಎರಡನೇ ದಿನ, ಹೀರಿತ್ತು. ಕ್ಯಾರಲ್ ನೆಲಕ್ಕೆ ಬಿದ್ದರು. ಅವರು ಅದಕ್ಕೆ ಮುಂಚೆ ರೋಗಿಗಳ ವಾರ್ಡುಗಳಲ್ಲಿ ಓಡಾಡಿದ್ದರಿಂದ ಜ್ವರ ಸೊಳ್ಳೆಯಿಂದಲೇ ಬಂತೆಂದು ಹೇಳುವಂತಿರಲಿಲ್ಲ. ಆದರೆ ಹಲವು ವಾರಗಳಿಂದ ಶಿಬಿರ ಬಿಟ್ಟು ಕದಲದಿದ್ದ ವಿಲಿಯಂ ಡೀನ್ ಎಂಬ ಸಿಪಾಯಿಗೂ ಅದೇ ಬಗೆಯಲ್ಲಿ ಜ್ವರ ಬಂದಾಗ ಸಂಶಯಕ್ಕೆ ಜಾಗ ಕಡಿಮೆಯಾಯಿತು.

ಸೆಪ್ಟೆಂಬರ್ 8ರಂದು ಲಜೀರ್ ಅಮೆರಿಕದಲ್ಲಿದ್ದ ಪತ್ನಿ ಮೇಬಲ್‌ಗೆ ಬರೆದ ಪತ್ರ ಉಳಿದುಬಂದಿದೆ. ನಿಜವಾದ ರೋಗಾಣುವಿನ ಜಾಡು ಸಿಕ್ಕಿದೆ ಎಂದು ತೋರುತ್ತಿದೆ, ಆದರೆ ಈಗಲೇ ಯಾರಿಗೂ ಸುಳಿವು ಕೂಡ ಕೊಡಬಾರದು, ತಾನೂ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ ಎಂದು ಅದರಲ್ಲಿದೆ. ಕೆಲವೇ ವಾರಗಳ ಹಿಂದೆ ಹುಟ್ಟಿದ ತಮ್ಮ ಎರಡನೇ ಮಗುವನ್ನು ಅವರಿನ್ನೂ ಕಂಡಿರಲಿಲ್ಲ. ಹತ್ತು ದಿನ ಕಳೆಯುವಷ್ಟರಲ್ಲಿ ಅವರಿಗೆ ಚಳಿ ಹತ್ತಿತು. ಸೆಪ್ಟೆಂಬರ್ 25ರಂದು, 34ನೇ ವಯಸ್ಸಿನಲ್ಲಿ, ತೀರಿಕೊಂಡರು. ಗಂಡನಿಗೆ ಕಾಯಿಲೆಯೆಂದೇ ತಿಳಿಯದಿದ್ದ ಮೇಬಲ್‌ಗೆ ಮೊದಲು ಮುಟ್ಟಿದ್ದು ಸಾವಿನ ತಂತಿ. ಈ ಪತ್ರ ಮತ್ತು ಆ ತಂತಿಯನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ‘ಪ್ರಾಥಮಿಕ ವರದಿ’ ಎಂಬ ತಣ್ಣನೆಯ ಹೆಸರಿನಡಿ ಏನೆಲ್ಲ ಇದೆಯೆಂದು ಬೇರೆ ಹೇಳಬೇಕಾಗಿಲ್ಲ.

ಲಜೀರ್ ಅವರ ಸಾವಿನ ಬಗ್ಗೆ ಆಗ ಹೊರಬಂದ ವಿವರಣೆಯೆಂದರೆ, ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗ ಎಲ್ಲಿಂದಲೋ ಹಾರಿಬಂದ ಸೊಳ್ಳೆ ಕೈಮೇಲೆ ಕೂತಿತು, ಅವರು ಅದನ್ನು ಓಡಿಸಲಿಲ್ಲ ಎಂಬುದು. ಆದರೆ ಪ್ರಯೋಗದ ದಾಖಲೆಯಲ್ಲಿ ಸೆಪ್ಟೆಂಬರ್ 13ರ ಎದುರು ‘ಗಿನಿಯಿಲಿ’ ಎಂದು ಬರೆದಿರುವುದು ಲಜೀರ್ ತಮ್ಮನ್ನೇ ಕುರಿತು ಬರೆದುಕೊಂಡದ್ದು ಎಂದು ಹಲವು ಇತಿಹಾಸಕಾರರು ಶಂಕಿಸಿದ್ದಾರೆ. ಅಂದರೆ ಅದು ಆಕಸ್ಮಿಕವಲ್ಲ, ಬೇಕೆಂದೇ ಮಾಡಿಕೊಂಡ ಪ್ರಯೋಗ. ಅವರ ಕಿಸೆಯಲ್ಲಿದ್ದ ಸಣ್ಣ ಟಿಪ್ಪಣಿ ಪುಸ್ತಕವನ್ನು ನೋಡಿಯೇ ರೀಡ್ ಎಲ್ಲವನ್ನೂ ಜೋಡಿಸಿಕೊಂಡು ಅಕ್ಟೋಬರಿನ ವರದಿ ಸಿದ್ಧಪಡಿಸಿದ್ದು. ರೀಡ್ 1902ರ ನವೆಂಬರಿನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಆ ಪುಸ್ತಕ ಮತ್ತೆ ಕಾಣಸಿಗಲಿಲ್ಲ. ಅಂಗೈಯಗಲದ ಒಂದು ಪುಸ್ತಕ ಕಳೆದುಹೋದದ್ದರಿಂದ ಒಬ್ಬ ವೈದ್ಯ ಹೇಗೆ ಸತ್ತ ಎಂಬ ಪ್ರಶ್ನೆ ಶತಮಾನ ದಾಟಿದರೂ ತೆರೆದೇ ಉಳಿದಿದೆ.

ಲಜೀರ್ ಅವರ ಹೆಸರಿನಲ್ಲೇ ನವೆಂಬರ್ 20ರಂದು ಹವಾನಾದ ಹೊರವಲಯದಲ್ಲಿ ಪ್ರಯೋಗ ಶಿಬಿರ ತೆರೆಯಿತು. ಅಲ್ಲಿ ಎರಡು ಮರದ ಕಟ್ಟಡಗಳು. ಮೊದಲನೆಯದು 14 ಅಡಿ ಅಗಲ, 20 ಅಡಿ ಉದ್ದದ, ಗಾಳಿಯಾಡದ ಕೋಣೆ. ಒಳಗೆ ಹಳದಿ ಜ್ವರದ ರೋಗಿಗಳು ವಾಂತಿ, ಮಲಮೂತ್ರ ಮಾಡಿಕೊಂಡಿದ್ದ ಹಾಸಿಗೆ, ಚಾದರ, ಅಂಗಿಗಳು. ರಾಬರ್ಟ್ ಕುಕ್ ಎಂಬ ವೈದ್ಯ ಮತ್ತು ಇಬ್ಬರು ಸಿಪಾಯಿಗಳು ನವೆಂಬರ್ 30ರಿಂದ ಇಪ್ಪತ್ತು ರಾತ್ರಿ ಅದೇ ಬಟ್ಟೆಗಳನ್ನು ಬಿಚ್ಚಿ, ಹಾಸಿ, ಹೊದ್ದು ಮಲಗಿದರು. ಮೂವರಿಗೂ ಜ್ವರ ಬರಲಿಲ್ಲ. ರೋಗಿಗಳ ಬಟ್ಟೆಬರೆ ಸುಡುತ್ತಿದ್ದ ತಲೆಮಾರುಗಳ ಪದ್ಧತಿಗೆ ಆಧಾರವೇ ಇಲ್ಲವಾಯಿತು. ಎರಡನೇ ಕಟ್ಟಡ ಚೊಕ್ಕಟವಾಗಿತ್ತು, ನಡುವೆ ತಂತಿಬಲೆಯ ಅಡ್ಡಗೋಡೆ. ಒಂದು ಬದಿಯಲ್ಲಿ ಸೋಂಕಿನ ಸೊಳ್ಳೆಗಳನ್ನು ಬಿಟ್ಟು, ಡಿಸೆಂಬರ್ 21ರಂದು ಸ್ವಯಂಸೇವಕ ಜಾನ್ ಮೋರಾನ್ ಅಲ್ಲಿ ಮಲಗಿದರು. ಕ್ರಿಸ್ಮಸ್ ದಿನ ಅವರಿಗೆ ಜ್ವರ ಏರಿತು. ಬಲೆಯ ಆಚೆ ಬದಿಯಲ್ಲಿ ಅದೇ ಗಾಳಿಯನ್ನು ಉಸಿರಾಡಿದವರು ಆರೋಗ್ಯವಾಗಿದ್ದರು. ರೋಗ ಹರಡಲು ಗಾಳಿ, ಹೊಲಸು ಕಾರಣವೋ ಸೊಳ್ಳೆ ಕಾರಣವೋ ಎಂಬುದನ್ನು ಇದಕ್ಕಿಂತ ನೇರವಾಗಿ ತೀರ್ಮಾನಿಸಿದ ಪ್ರಯೋಗ ಸಿಗುವುದು ಅಪರೂಪ.

ಈ ಶಿಬಿರದ ಕಾಗದಗಳಲ್ಲಿ ವೈದ್ಯಕೀಯ ನೀತಿಶಾಸ್ತ್ರದವರು ಮತ್ತೆ ಮತ್ತೆ ತೆಗೆದು ನೋಡುವ ಒಂದು ಹಾಳೆಯಿದೆ: 1900ರ ನವೆಂಬರ್ 26ರ ತಾರೀಖಿನ ಒಪ್ಪಂದ. ಆಗತಾನೆ ಸ್ಪೇನಿನಿಂದ ಬಂದಿದ್ದ ವಲಸೆ ಕಾರ್ಮಿಕ ಆಂಟೋನಿಯೊ ಬೆನಿಗ್ನೊ ಆಯೋಗದೊಂದಿಗೆ ಮಾಡಿಕೊಂಡದ್ದು ಅದು. ತನಗೆ 25 ವರ್ಷ ದಾಟಿದೆ, ಜೀವಕ್ಕೆ ಅಪಾಯವಿದೆಯೆಂದು ಬಲ್ಲೆ, ಆದರೂ ಈ ದ್ವೀಪದಲ್ಲಿ ಇರುವವನಿಗೆ ಸೋಂಕು ತಪ್ಪಿಸಿಕೊಳ್ಳುವುದು ಅಸಾಧ್ಯವಾದ್ದರಿಂದ ಒಳ್ಳೆಯ ಆರೈಕೆ ಸಿಗುವಲ್ಲಿಯೇ ಅದನ್ನು ಬರಮಾಡಿಕೊಳ್ಳುತ್ತೇನೆ ಎಂಬ ಅರ್ಥದ ಮಾತುಗಳಿವೆ. ಪ್ರಯೋಗಕ್ಕೆ ಒಪ್ಪಿದ್ದಕ್ಕೆ 100 ಡಾಲರ್ ಚಿನ್ನ, ಜ್ವರ ಬಂದರೆ ಇನ್ನೂ 100, ಸತ್ತರೆ ಅವನು ಹೆಸರಿಸಿದವರಿಗೆ. ಅಪ್ಪಣೆಯಿಲ್ಲದೆ ಶಿಬಿರ ಬಿಟ್ಟರೆ ಹಣವಿಲ್ಲ. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಒಪ್ಪಂದವಿದೆ. ಅಪಾಯವನ್ನು ಅವನ ಭಾಷೆಯಲ್ಲೇ ಬರೆದು ಸಹಿ ಪಡೆದದ್ದು ಆ ಕಾಲಕ್ಕೆ ದೊಡ್ಡ ಹೆಜ್ಜೆ, ಸಂಶಯವಿಲ್ಲ. ಆದರೆ ಕೂಲಿ ಅರಸಿ ಕಡಲು ದಾಟಿ ಬಂದವನ ಮುಂದೆ ಅಷ್ಟು ಚಿನ್ನವನ್ನಿಟ್ಟು ಕೇಳಿದ ಒಪ್ಪಿಗೆ ಎಷ್ಟರ ಮಟ್ಟಿಗೆ ಸ್ವತಂತ್ರವಾದದ್ದು ಎಂಬ ಪ್ರಶ್ನೆಯೂ ಅದೇ ಹಾಳೆಯಿಂದಲೇ ಏಳುತ್ತದೆ. ಇಂದಿಗೂ ಔಷಧಿ ಪರೀಕ್ಷೆಗೆ ಬಡವರನ್ನು ಕರೆದಾಗ ಏಳುವುದು ಇದೇ ಪ್ರಶ್ನೆ. ಶಿಬಿರದಲ್ಲಿ ಯಾರೂ ಸಾಯಲಿಲ್ಲ. ಮರುವರ್ಷ ಹವಾನಾದ ಲಾಸ್ ಆನಿಮಾಸ್ ಆಸ್ಪತ್ರೆಯಲ್ಲಿ ಹುವಾನ್ ಗಿಟೇರಾಸ್ ನಡೆಸಿದ ಪ್ರಯೋಗಗಳಲ್ಲಿ ಮೂವರು ಸತ್ತರು. ಅವರಲ್ಲಿ 25 ವರ್ಷದ ನರ್ಸ್ ಕ್ಲಾರಾ ಮಾಸ್ ಒಬ್ಬರು.

ರೀಡ್ ಆ ವರ್ಷದ ಕೊನೆಯ ರಾತ್ರಿ ಪತ್ನಿ ಎಮಿಲಿಗೆ ಬರೆದ ಪತ್ರವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಗಂಟೆ ಹನ್ನೆರಡಾಗಲು ಹತ್ತು ನಿಮಿಷವಿದೆ, ಹಳದಿ ಜ್ವರದ ಬಗ್ಗೆ 1853ರಲ್ಲಿ ಬರೆದ ದೊಡ್ಡ ಗ್ರಂಥವನ್ನು ಓದುತ್ತ ಕುಳಿತಿದ್ದೇನೆ, ಮನುಷ್ಯರ ಸಂಕಟವನ್ನು ತಗ್ಗಿಸಲು ಏನಾದರೂ ಮಾಡುವ ಅವಕಾಶ ಸಿಗಲಿ ಎಂದು ಇಪ್ಪತ್ತು ವರ್ಷದಿಂದ ಬೇಡಿಕೊಂಡದ್ದು ಈಗ ಈಡೇರಿದೆ ಎಂದು ಬರೆಯುತ್ತಿರುವಾಗಲೇ ಹೊರಗೆ ಇಪ್ಪತ್ತನಾಲ್ಕು ಕಹಳೆಗಳು ಹಳೆಯ ವರ್ಷವನ್ನು ಬೀಳ್ಕೊಡುತ್ತವೆ. ಅದನ್ನೂ ಅವರು ಕೇಳಿದಂತೆಯೇ ಕಾಗದಕ್ಕೆ ಇಳಿಸುತ್ತಾರೆ. ಹೆಂಡತಿಗೆ ಬರೆಯುವಾಗ ಮನುಷ್ಯ ತನ್ನ ಗೆಲುವನ್ನು ಮರೆಮಾಚುವುದಿಲ್ಲ. ಡಿಸೆಂಬರ್ 9ರ ಇನ್ನೊಂದು ಪತ್ರದಲ್ಲಿ, ಡಿಫ್ತೀರಿಯಾದ ಪ್ರತಿವಿಷ ಮತ್ತು ಕ್ಷಯದ ರೋಗಾಣುವಿನ ಶೋಧವನ್ನು ಬಿಟ್ಟರೆ ಹತ್ತೊಂಬತ್ತನೇ ಶತಮಾನದ ಅತಿ ಮುಖ್ಯ ವೈಜ್ಞಾನಿಕ ಕೆಲಸವೆಂದು ಇದನ್ನು ಎಣಿಸುತ್ತಾರೆ ಎಂದೂ ಅವರು ಬರೆದಿದ್ದಾರೆ.

ಈ ಹಿಗ್ಗೇ ಮುಂದಿನ ಜಗಳದ ಬೀಜವೂ ಆಯಿತು. ಅಮೆರಿಕದಲ್ಲಿ ರೀಡ್ ಅವರ ಹೆಸರಿನಲ್ಲಿ ಸೇನಾ ಆಸ್ಪತ್ರೆ ಎದ್ದಿತು. ಕ್ಯೂಬಾದವರು ಫಿನ್ಲೆಯೇ ನಿಜವಾದ ಶೋಧಕ ಎಂದು ಇಂದಿಗೂ ನಂಬುತ್ತಾರೆ, ಅವರ ಜನ್ಮದಿನವಾದ ಡಿಸೆಂಬರ್ 3ನ್ನು ವೈದ್ಯರ ದಿನವಾಗಿ ಆಚರಿಸುತ್ತಾರೆ. ಪ್ರಾಣಾಪಾಯವನ್ನು ಮೈಮೇಲೆ ಎಳೆದುಕೊಂಡ ಕ್ಯಾರಲ್, ತನ್ನ ಪಾಲನ್ನು ಲೋಕ ಮರೆಯುತ್ತಿದೆ ಎಂಬ ನೋವಿನಲ್ಲೇ 1907ರಲ್ಲಿ ತೀರಿಕೊಂಡರು. 1901ರಲ್ಲಿ ರೋಗಿಯ ರಕ್ತದ್ರವವನ್ನು ಬ್ಯಾಕ್ಟೀರಿಯಾ ನುಸುಳಲಾಗದ ಸೋಸುಕದಲ್ಲಿ ಸೋಸಿ, ಸೋಸಿದ ಮೇಲೂ ಅದು ರೋಗ ತರುತ್ತದೆ ಎಂದು ತೋರಿಸಿದವರು ಅವರೇ. ಮನುಷ್ಯರ ಕಾಯಿಲೆಯೊಂದಕ್ಕೆ ವೈರಸ್ ಕಾರಣವೆಂದು ಮೊದಲು ಕಂಡದ್ದು ಆ ಪ್ರಯೋಗದಲ್ಲಿ. ಪತ್ರಗಳನ್ನು ಒಟ್ಟಾಗಿ ಓದಿದರೆ ಒಬ್ಬರಿಗೆ ಕಿರೀಟ ತೊಡಿಸುವುದು ಕಷ್ಟವಾಗುತ್ತದೆ. ಊಹೆ ಫಿನ್ಲೆಯದು, ಕಾಲದ ಲೆಕ್ಕ ಕಾರ್ಟರ್‌ನದು, ಮೊದಲ ಫಲಿತಾಂಶ ಲಜೀರ್‌ನದು, ಆಕ್ಷೇಪಣೆಗೆ ಎಡೆಗೊಡದ ಪ್ರಯೋಗದ ವಿನ್ಯಾಸ ರೀಡ್‌ನದು. ರೀಡ್ ಕದ್ದರು ಎಂಬ ಮಾತನ್ನಾಗಲಿ ಫಿನ್ಲೆ ಸಾಧಿಸಿ ತೋರಿಸಲಿಲ್ಲ ಎಂಬ ಕಾರಣಕ್ಕೆ ಅವರನ್ನು ಅಡಿಟಿಪ್ಪಣಿಗೆ ಇಳಿಸುವುದನ್ನಾಗಲಿ ಈ ಕಾಗದಗಳು ಸಮರ್ಥಿಸುವುದಿಲ್ಲ.

ಇವೆಲ್ಲ ಒಂದೆಡೆ ಸೇರಿದ್ದು ಇನ್ನೊಬ್ಬ ವೈದ್ಯರಿಂದ. ಕಾರ್ಟಿಸೋನ್ ಚಿಕಿತ್ಸೆಗಾಗಿ 1950ರ ನೊಬೆಲ್ ಬಹುಮಾನ ಹಂಚಿಕೊಂಡ ಮೇಯೊ ಕ್ಲಿನಿಕ್ಕಿನ ಫಿಲಿಪ್ ಹೆಂಚ್ 1930ರ ದಶಕದ ಉತ್ತರಾರ್ಧದಿಂದ ಆಯೋಗದ ಪ್ರಯೋಗಗಳಲ್ಲಿ ಪಾಲ್ಗೊಂಡು ಇನ್ನೂ ಬದುಕಿದ್ದವರಿಗೆ, ಸತ್ತವರ ಹೆಂಡತಿ ಮಕ್ಕಳಿಗೆ ಪತ್ರದ ಮೇಲೆ ಪತ್ರ ಬರೆದರು. ಮೋರಾನ್ ಮತ್ತು ಇನ್ನೊಬ್ಬ ಸ್ವಯಂಸೇವಕ ಜಾನ್ ಕಿಸಿಂಜರ್ ಅವರಿಂದ ನೆನಪುಗಳನ್ನು ಬರೆಸಿಕೊಂಡರು. ಕ್ಯೂಬಾಕ್ಕೆ ಹೋಗಿ ಶಿಬಿರದ ಜಾಗ ಹುಡುಕಿದಾಗ ಆ ಹೊಲಸು ಬಟ್ಟೆಯ ಕಟ್ಟಡ ಇನ್ನೂ ನಿಂತಿತ್ತು. 1952ರಲ್ಲಿ ಕ್ಯೂಬಾ ಸರ್ಕಾರ ಅದನ್ನು ಸ್ಮಾರಕ ಮಾಡಿತು. 1965ರಲ್ಲಿ ಹೆಂಚ್ ತೀರಿಕೊಂಡ ಮೇಲೆ ಅವರ ಪತ್ನಿ ಮೇರಿ ಆ ಸಂಗ್ರಹವನ್ನು ರೀಡ್ ಓದಿದ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಇಂದು ಅದನ್ನು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ತೆರೆದು ಓದಬಹುದು.

ಆದರೆ ಸಂಗ್ರಹಕ್ಕೂ ಒಂದು ಓರೆ ಇರುತ್ತದೆ. ಪತ್ರಗಳನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಿದವರು ಹೆಚ್ಚಾಗಿ ಮನೆಯ ಹೆಂಗಸರು. ಯಾವ ಮನೆಯಲ್ಲಿ ಓದುಬರಹ, ಪೆಟ್ಟಿಗೆ, ಸ್ಥಿರವಾದ ವಿಳಾಸ ಇತ್ತೋ ಆ ಮನೆಯ ಮಾತು ಉಳಿಯಿತು. ಸ್ಪೇನಿನ ಕೂಲಿಗಳಿಂದ ನಮಗೆ ಬಂದಿರುವುದು ಒಪ್ಪಂದದ ಕೆಳಗಿನ ಹೆಸರು, ಜ್ವರದ ಪಟ್ಟಿಯ ಅಂಕಿ. ಸೊಳ್ಳೆ ತುಂಬಿದ ಗಾಜಿನ ನಳಿಕೆಯನ್ನು ತೋಳಿಗೆ ಒತ್ತಿದಾಗ ಅವರಿಗೆ ಏನನ್ನಿಸಿತು, ಊರಿನ ತಾಯಿಗೆ ಏನೆಂದು ಬರೆದರು ಎಂಬುದನ್ನು ಹೇಳುವ ಕಾಗದಗಳನ್ನು ಅವತ್ತು ಯಾರೂ ಬೇಡಲಿಲ್ಲ. ಅಲ್ಲದೆ ಮೋರಾನ್, ಕಿಸಿಂಜರ್ ಹೆಂಚ್‌ಗೆ ಬರೆದದ್ದು ನಾಲ್ಕು ದಶಕ ಕಳೆದ ಮೇಲೆ, ಪ್ರಸಿದ್ಧಿ ಬಂದ ಮೇಲೆ. 1900ರ ಪತ್ರಕ್ಕೂ 1940ರ ನೆನಪಿಗೂ ಒಂದೇ ತೂಕ ಕೊಡುವುದು ಸಲ್ಲದು.

ಪತ್ರ ಉಳಿದರೆ ಸಾಲದು, ಬರೆದ ಕಾಲದಲ್ಲೇ ಅದನ್ನು ಕಿವಿಗೊಟ್ಟು ಕೇಳುವವರೂ ಬೇಕು ಎಂಬುದಕ್ಕೆ ಮುಂದಿನ ಅಧ್ಯಾಯ ಸಾಕ್ಷಿ. ಅಮೆರಿಕದ ರಾಕ್‌ಫೆಲ್ಲರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಹಿದೆಯೊ ನೊಗುಚಿ 1918ರಲ್ಲಿ ಇಕ್ವಡಾರಿನ ಗುವಾಯಾಕಿಲ್‌ನಲ್ಲಿ ಹಳದಿ ಜ್ವರದ ರೋಗಾಣು ಸಿಕ್ಕಿತೆಂದು ಘೋಷಿಸಿದರು. ಅದು ಇಲಿಜ್ವರ ತರುವ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಆಗಿತ್ತು. ಆಯೋಗದಲ್ಲಿ ಬದುಕುಳಿದಿದ್ದ ಅಗ್ರಮೊಂಟೆ ಬಹಿರಂಗವಾಗಿ ವಿರೋಧಿಸಿದರು. ಆದರೂ ವರ್ಷಗಟ್ಟಲೆ ಅದರ ಮೇಲೆಯೇ ಲಸಿಕೆ ಹಂಚಲಾಯಿತು. 1927ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಏಡ್ರಿಯನ್ ಸ್ಟೋಕ್ಸ್ ಮತ್ತು ಸಂಗಡಿಗರು ಅಸಿಬಿ ಎಂಬ ಯುವಕನ ರಕ್ತವನ್ನು ಭಾರತದಿಂದ ತರಿಸಿದ ರೀಸಸ್ ಕೋತಿಗೆ ಚುಚ್ಚಿ, ರೋಗ ವೈರಸ್ಸಿನದೇ ಎಂದು ಸಾಬೀತುಪಡಿಸಿದರು. ಅಸಿಬಿ ಗುಣವಾದರು. ಆದರೆ ಸ್ಟೋಕ್ಸ್ 1927ರ ಸೆಪ್ಟೆಂಬರಿನಲ್ಲಿ, ತನ್ನ ರೋಗಾಣುವನ್ನೇ ಸಾಧಿಸಲು ಅಕ್ರಾಕ್ಕೆ ಬಂದ ನೊಗುಚಿ 1928ರ ಮೇ 21ರಂದು, ಅವರ ಶವಪರೀಕ್ಷೆ ಮಾಡಿದ ವಿಲಿಯಂ ಯಂಗ್ ಒಂಬತ್ತು ದಿನಗಳ ನಂತರ, ಇದೇ ಜ್ವರಕ್ಕೆ ಬಲಿಯಾದರು. ಅಸಿಬಿಯ ರಕ್ತದಿಂದ ಬಂದ ವೈರಸ್ಸನ್ನು ಪಳಗಿಸಿಯೇ ಮ್ಯಾಕ್ಸ್ ಥೀಲರ್ 1937ರಲ್ಲಿ 17ಡಿ ಲಸಿಕೆ ರೂಪಿಸಿ 1951ರ ನೊಬೆಲ್ ಪಡೆದರು. ಬೆಂಗಳೂರಿನಲ್ಲಿ ಯೆಲ್ಲೋ ಫೀವರ್ ಲಸಿಕೆ ಹಾಕಿಸಿಕೊಂಡು ಆಫ್ರಿಕಾದ ವಿಮಾನ ಹತ್ತುವವರ ತೋಳಿಗೆ ಸೇರುವುದೂ ಅದೇ ವಂಶದ ವೈರಸ್. ಥೀಲರ್ ಅವರ ಹೆಸರನ್ನು ನೊಬೆಲ್ ಸಮಿತಿ ಹೇಗೆ ತೂಗಿತು ಎಂಬ ಕಾಗದಗಳು ಐವತ್ತು ವರ್ಷದ ಗಡುವು ಮುಗಿದು ತೆರೆದಿವೆ. ಅಸಿಬಿಗೆ ಯಾರು ಏನು ಹೇಳಿ ರಕ್ತ ತೆಗೆದುಕೊಂಡರು ಎಂಬುದಕ್ಕೆ ಅಂಥ ಕಡತವಿಲ್ಲ.

ಲಸಿಕೆ ಕೆಡದಂತೆ ಅದಕ್ಕೆ ಮನುಷ್ಯರ ರಕ್ತದ್ರವ ಬೆರೆಸುತ್ತಿದ್ದರು. ಲಸಿಕೆ ಪಡೆದ ಕೆಲವರಿಗೆ ತಿಂಗಳುಗಳ ನಂತರ ಕಾಮಾಲೆ ಬರುತ್ತಿದೆ ಎಂದು 1937ರಲ್ಲೇ ಬ್ರಿಟನ್ನಿನಿಂದ ವರದಿ ಬಂತು. ಬ್ರೆಜಿಲ್‌ನಲ್ಲಿದ್ದ ರಾಕ್‌ಫೆಲ್ಲರ್ ವೈದ್ಯರು ರಕ್ತದ್ರವವೇ ಕಾರಣವೆಂದು ಅನುಮಾನಿಸಿ 1940ರ ಹೊತ್ತಿಗೆ ಅದನ್ನು ಕೈಬಿಟ್ಟರು. ಅದೇ ಸಂಸ್ಥೆಯ ನ್ಯೂಯಾರ್ಕ್ ಪ್ರಯೋಗಾಲಯ ಮಾತ್ರ ಬಿಡಲಿಲ್ಲ. 1942ರಲ್ಲಿ ಅಮೆರಿಕದ ಸುಮಾರು 50,000 ಸೈನಿಕರು ಕಾಮಾಲೆಯಿಂದ ಹಾಸಿಗೆ ಹಿಡಿದರು. ಸೋಂಕು ತಗಲಿದವರು 3,30,000ದಷ್ಟು ಎಂಬುದು ಮುಂದೆ ಮಾಡಿದ ಅಂದಾಜು. ಅದು ಹೆಪಟೈಟಿಸ್ ಬಿ. ಒಂದೇ ಸಂಸ್ಥೆಯ ಎರಡು ಕಚೇರಿಗಳಲ್ಲಿ ಒಂದಕ್ಕೆ ಹೊಳೆದದ್ದನ್ನು ಇನ್ನೊಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಸಂಸ್ಥೆಯ ಅಧಿಕಾರಿಗಳ ದಿನಚರಿ, ಪತ್ರಗಳು ನ್ಯೂಯಾರ್ಕ್ ರಾಜ್ಯದ ಸ್ಲೀಪಿ ಹಾಲೋದಲ್ಲಿ ಇರುವುದರಿಂದಲೇ ಇಂಥ ತಪ್ಪುಗಳ ಹೆಜ್ಜೆಜಾಡನ್ನು ಇಂದು ಹುಡುಕಲು ಸಾಧ್ಯವಾಗಿದೆ.

ಈ ಕಥೆ ನಮ್ಮ ಮಲೆನಾಡನ್ನೂ ಮುಟ್ಟಿಹೋಗಿದೆ. ಪುಣೆಯಲ್ಲಿ 1952ರಲ್ಲಿ ರಾಕ್‌ಫೆಲ್ಲರ್ ನೆರವಿನಿಂದ ವೈರಸ್ ಸಂಶೋಧನಾ ಕೇಂದ್ರ ಆರಂಭವಾಗಿತ್ತು. 1957ರ ಮಾರ್ಚಿನಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರದ ಕಡೆಯ ಕಾಡಿನಲ್ಲಿ ಮಂಗಗಳು ಸಾಲಾಗಿ ಸಾಯುತ್ತಿವೆ, ಕಾಡಿಗೆ ಹೋದವರಿಗೆ ಜ್ವರ ಬರುತ್ತಿದೆ ಎಂಬ ಸುದ್ದಿ ಮುಟ್ಟಿದಾಗ ಕೇಂದ್ರದವರ ಎದೆ ಝಲ್ಲೆಂದದ್ದು ಸಹಜ: ದಕ್ಷಿಣ ಅಮೆರಿಕದ ಕಾಡಿನಲ್ಲಿ ಮಂಗ ಸತ್ತರೆ ಹಳದಿ ಜ್ವರ ಬಂತೆಂದೇ ಅರ್ಥ. ನಿರ್ದೇಶಕ ಟೆಲ್ಫರ್ಡ್ ವರ್ಕ್ ಮತ್ತು ಸಂಗಡಿಗರು ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ಹಳದಿ ಜ್ವರದ ಬಳಗದ್ದೇ ಆದರೂ ಬೇರೆಯ, ಉಣ್ಣಿ ಹುಳುವಿನಿಂದ ಹರಡುವ ಹೊಸ ವೈರಸ್ ಎಂದು ತಿಳಿಯಿತು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರೇ ಅದಕ್ಕೆ ನಿಂತಿತು. ಜನ ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ಪರಿಣಾಮ ಸಾಲದೆಂದು ಹಳೆಯ ಲಸಿಕೆಯನ್ನು ನಿಲ್ಲಿಸಿ ಹೊಸದಕ್ಕೆ ಕಾಯುತ್ತಿರುವ ಈ ದಿನಗಳಲ್ಲಿ, ಕಳೆದ ಸುಮಾರು ಏಳು ದಶಕಗಳಲ್ಲಿ ಮಲೆನಾಡಿನ ತಾಲ್ಲೂಕು ವೈದ್ಯರು ಮೇಲಿನವರಿಗೆ ಬರೆದ ಪತ್ರಗಳಲ್ಲಿ ಏನಿತ್ತು, ಯಾವ ಎಚ್ಚರಿಕೆ ಯಾವ ಮೇಜಿನ ಮೇಲೆ ನಿಂತಿತು ಎಂದು ತಿಳಿಯಬೇಕಾದ ಅಗತ್ಯ ಬರೀ ಇತಿಹಾಸಕಾರರದ್ದಲ್ಲ.

ಆದರೆ ನಮ್ಮ ವ್ಯವಸ್ಥೆಯ ಒಲವು ಉಳಿಸುವ ಕಡೆಗಿಲ್ಲ. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟರೆ ಸಾಕೆಂದು 2002ರ ವೈದ್ಯಕೀಯ ನೀತಿ ನಿಯಮ ಹೇಳುತ್ತದೆ. ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯಿದೆ ಸರ್ಕಾರಿ ಕಡತಗಳಿಗೆ ಅನ್ವಯಿಸುತ್ತದೆ. ವೈದ್ಯರು ಒಬ್ಬರಿಗೊಬ್ಬರು ಖಾಸಗಿಯಾಗಿ ಬರೆದದ್ದು ಅದರ ಕೈಗೆ ಸಿಗದು. ಇಂದು ಆ ಮಾತುಕತೆ ಹೆಚ್ಚಾಗಿ ವಾಟ್ಸ್ಆ್ಯಪ್‌ಗೆ ಸರಿದಿದೆ. ಕೋವಿಡ್ ಕಾಲದಲ್ಲಿ ಯಾವ ರೋಗಿಗೆ ಯಾವ ಔಷಧಿ ಕೊಟ್ಟೆ, ಏನಾಯಿತು, ನಿನಗೇನು ಕಂಡಿತು ಎಂದು ವೈದ್ಯರು ರಾತ್ರಿಯಿಡೀ ಕೇಳಿಕೊಂಡದ್ದು ಆ ಗುಂಪುಗಳಲ್ಲೇ. ಫೋನು ಬದಲಾದಾಗ, ಜಾಗ ತುಂಬಿದಾಗ, ತಾನಾಗಿ ಅಳಿಸುವ ಆಯ್ಕೆ ಒತ್ತಿದಾಗ ಅವು ಹೋದವು. ರೀಡ್ ಗೀಚಿದಂಥ ಪ್ರಶ್ನೆಗಳು ಅವುಗಳಲ್ಲಿ ಎಷ್ಟಿದ್ದವೋ.

ಎಲ್ಲವನ್ನೂ ತೆರೆದಿಡಬೇಕೆಂದು ಹೇಳುತ್ತಿಲ್ಲ. ಅಂಥ ಸಂದೇಶಗಳಲ್ಲಿ ರೋಗಿಯ ಹೆಸರು, ಚಿತ್ರ, ಸ್ಕ್ಯಾನ್ ಇರುತ್ತವೆ. ಒಬ್ಬರ ಕಾಯಿಲೆ ಇನ್ನೊಬ್ಬರ ಸಂಶೋಧನೆಯ ಸರಕಾಗಬಾರದು. ಆದರೆ ಗುಟ್ಟು ಕಾಪಾಡುವುದೂ ದಾಖಲೆ ಉಳಿಸುವುದೂ ಒಂದಕ್ಕೊಂದು ವೈರಿಗಳಲ್ಲ. ಅಮೆರಿಕದ ಕಾನೂನು ರೋಗಿ ಸತ್ತ 50 ವರ್ಷದವರೆಗೆ ಅವರ ವೈದ್ಯಕೀಯ ಮಾಹಿತಿಗೆ ರಕ್ಷಣೆ ಕೊಡುತ್ತದೆ, ಆಮೇಲೆ ಬಿಡುತ್ತದೆ. ನಮ್ಮ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಸಂಶೋಧನೆ ಮತ್ತು ದಾಖಲೆ ಸಂರಕ್ಷಣೆಗೆ ವಿನಾಯಿತಿ ಇಟ್ಟಿದೆ. ಬೀಗ ಹಾಕಿ ಇಡಲು ಕಾನೂನಿನ ಅಡ್ಡಿಯಿಲ್ಲ. ಇಡುವವರು ಯಾರು ಎಂಬುದಷ್ಟೇ ಇತ್ಯರ್ಥವಾಗಬೇಕು.

ವೈದ್ಯಕೀಯ ಕಾಲೇಜುಗಳ ಗ್ರಂಥಾಲಯಗಳಿಗೆ ಈ ಕೆಲಸ ಒಗ್ಗುತ್ತದೆ. ನಿವೃತ್ತರಾದ ಜಿಲ್ಲಾ ವೈದ್ಯರ ಮನೆಯ ಅಟ್ಟದಲ್ಲಿರುವ ಕಡತ, ದಿನಚರಿಗಳನ್ನು ಕೇಳಿ ಪಡೆಯುವುದು, ಕುಟುಂಬದವರು ಹೇಳಿದಷ್ಟು ವರ್ಷ ಮುಚ್ಚಿಡುತ್ತೇವೆಂದು ಬರೆದುಕೊಡುವುದು, ಸಾಂಕ್ರಾಮಿಕ ಇಳಿದ ಮೇಲೆ ಅಧಿಕೃತ ಗುಂಪುಗಳ ಸಂದೇಶಗಳನ್ನು ರೋಗಿಗಳ ಗುರುತು ತೆಗೆದು ಒಂದು ಪ್ರತಿ ಇಡುವುದು, ಜೊತೆಗೆ ಹಳದಿ ಜ್ವರದ ಸಂಗ್ರಹದಲ್ಲಿ ತಪ್ಪಿಹೋದದ್ದು ಇಲ್ಲಿ ತಪ್ಪದಂತೆ ಆಶಾ ಕಾರ್ಯಕರ್ತೆಯರ, ದರಗು ತರಲು ಕಾಡಿಗೆ ಹೋಗಿ ಜ್ವರ ತಂದುಕೊಂಡವರ ಮಾತನ್ನೂ ಬರೆದುಕೊಳ್ಳುವುದು. ಮಂಗನ ಕಾಯಿಲೆಯ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಜೂನಿನ ಮಳೆ ಹಿಡಿದು ಪ್ರಕರಣಗಳು ನಿಂತ ಮೇಲೆ ಶಿವಮೊಗ್ಗದಲ್ಲಿ ಈ ಕೆಲಸ ಶುರುಮಾಡಲು ಬಿಡುವು ಸಿಗುತ್ತದೆ.